ಗುರುಗುಟ್ಟುವುದು ನಿಂತಿತು, ‘ಕಟಕ್’ ಶುರುವಾಯಿತು: ಒಂದು ಮೋಟಾರ್ ನಿಯಂತ್ರಕದ ಟಾಸ್ಕ್ ಆದ್ಯತೆಗಳನ್ನು ಸರಿಪಡಿಸಿದ ದಾಖಲೆ

ಡಿಸಿ ಮೋಟಾರಿನ ವೇಗವನ್ನು ನಿಗದಿತ ಮಟ್ಟದಲ್ಲಿ ಹಿಡಿದಿಡುವ ಸಣ್ಣ ನಿಯಂತ್ರಕವೊಂದನ್ನು ನಾನು ಬಿಡುವಿನ ವೇಳೆಯಲ್ಲಿ ಕಟ್ಟಿದ್ದೆ. 168 ಮೆಗಾಹರ್ಟ್ಸ್‌ನಲ್ಲಿ ಓಡುವ ಎಸ್‌ಟಿಎಂ32ಎಫ್407 ಚಿಪ್, ಅದರ ಮೇಲೆ ಹಲವು ಕೆಲಸಗಳಿಗೆ ಪ್ರೊಸೆಸರಿನ ಸಮಯವನ್ನು ಆದ್ಯತೆಯಂತೆ ಹಂಚುವ ಸಣ್ಣ ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಆರ್‌ಟಿಒಎಸ್, ಅದರ ಗಡಿಯಾರಕ್ಕೆ ಮಿಲಿಸೆಕೆಂಡಿಗೆ ಒಂದು ಟಿಕ್. ಕೆಲಸವು ಐದು ಟಾಸ್ಕ್‌ಗಳಲ್ಲಿ (ಸರದಿಯಂತೆ ಓಡುವ ಸಣ್ಣ ಪ್ರೋಗ್ರಾಮುಗಳಲ್ಲಿ) ಹಂಚಿಹೋಗಿತ್ತು: 5 ಮಿಲಿಸೆಕೆಂಡಿಗೊಮ್ಮೆ ಕೋನ ಸಂವೇದಕವನ್ನು ಓದಿ ಮೋಟಾರಿಗೆ ಹೊಸ ಪಿಡಬ್ಲ್ಯೂಎಂ ಮೌಲ್ಯ (ಮೋಟಾರಿಗೆ ಎಷ್ಟು ಶಕ್ತಿ ಎಂಬ ಅಂಕಿ) ಕೊಡುವ ನಿಯಂತ್ರಣ ಟಾಸ್ಕ್, 20 ಮಿಲಿಸೆಕೆಂಡಿಗೊಮ್ಮೆ ಕರೆಂಟ್ ಮತ್ತು ತಾಪಮಾನದ ಅಳತೆಗಳನ್ನು ಸೋಸುವ ಟಾಸ್ಕ್, ಸೀರಿಯಲ್ ಪೋರ್ಟಿನಿಂದ ಬರುವ ಆದೇಶಗಳನ್ನು ಬಿಡಿಸಿ ಓದುವ ಟಾಸ್ಕ್, 100 ಮಿಲಿಸೆಕೆಂಡಿಗೊಮ್ಮೆ ಪರದೆಯನ್ನು ಬರೆಯುವ ಟಾಸ್ಕ್, ಕೊನೆಯದಾಗಿ, ಬಫರ್ (ತಾತ್ಕಾಲಿಕ ಸಂಗ್ರಹ) ತುಂಬಿದಾಗ, ಅಂದರೆ ಸುಮಾರು ಸೆಕೆಂಡಿಗೊಮ್ಮೆ, ಎಸ್‌ಡಿ ಕಾರ್ಡಿಗೆ 4 ಕಿಲೋಬೈಟ್ ದತ್ತಾಂಶ ಬರೆಯುವ ಲಾಗ್ ಟಾಸ್ಕ್. ಕೋನ ಸಂವೇದಕ ಮತ್ತು ಎಸ್‌ಡಿ ಕಾರ್ಡ್ ಎರಡೂ ಒಂದೇ ಎಸ್‌ಪಿಐ ಬಸ್ಸಿನಲ್ಲಿ, ಅಂದರೆ ಒಮ್ಮೆಗೆ ಒಬ್ಬರಷ್ಟೇ ಬಳಸಬಹುದಾದ ಹಂಚಿಕೊಂಡ ತಂತಿಗಳಲ್ಲಿ, ಕುಳಿತಿದ್ದವು. ಪಿನ್ ಉಳಿಸುವ ಆಸೆಯಿಂದ ಹಾಗೆ ಮಾಡಿದ್ದೆ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ನಿರ್ಧಾರದಿಂದಲೇ ಹುಟ್ಟಿದವು.

ದೂರು ಇಷ್ಟೇ. ಮೋಟಾರ್ ತಿರುಗುವಾಗ ಸಣ್ಣಗೆ ಗುರುಗುಟ್ಟುತ್ತಿತ್ತು. ಪಿಐಡಿಯ, ಅಂದರೆ ವೇಗದ ದೋಷ ನೋಡಿ ಮೋಟಾರನ್ನು ತಿದ್ದುವ ಸೂತ್ರದ, ಗುಣಾಂಕಗಳನ್ನು ಎಷ್ಟು ತಿದ್ದಿದರೂ ಸದ್ದು ಹೋಗಲಿಲ್ಲ. ಮೋಟಾರಿನ ವೇಗವನ್ನು ಬದಲಿಸಿದರೂ ಗುರುಗುಟ್ಟುವ ಲಯ ಬದಲಾಗಲಿಲ್ಲ, ಸೆಕೆಂಡಿಗೆ ಹತ್ತು ಬಾರಿ ಎಂಬಲ್ಲಿಯೇ ನಿಂತಿತ್ತು. ಯಾಂತ್ರಿಕ ದೋಷವಾಗಿದ್ದರೆ ಲಯವು ವೇಗದ ಜೊತೆ ಓಡಬೇಕಿತ್ತು. ಆದ್ದರಿಂದ ಬೇರಿಂಗನ್ನು ದೂರುವುದನ್ನು ಬಿಟ್ಟು ಸಾಫ್ಟ್‌ವೇರಿನ ಕಡೆ ತಿರುಗಿದೆ.

ಊಹೆಯಿಂದ ಕೆಲಸ ಆರಂಭಿಸಬಾರದೆಂದು ಮೊದಲು ಅಳತೆಯ ವ್ಯವಸ್ಥೆ ಮಾಡಿಕೊಂಡೆ. ಯಾವ ಟಾಸ್ಕ್ ಓಡಬೇಕೆಂದು ಆರಿಸುವ ಶೆಡ್ಯೂಲರ್ ಒಂದು ಟಾಸ್ಕನ್ನು ಒಳಗೆ ತರುವಾಗ ಮತ್ತು ಹೊರಗೆ ಕಳಿಸುವಾಗ ನಮ್ಮದೇ ಒಂದೆರಡು ಸಾಲುಗಳನ್ನು ಓಡಿಸಲು ಫ್ರೀಆರ್‌ಟಿಒಎಸ್ ಟ್ರೇಸ್ ಮ್ಯಾಕ್ರೋಗಳನ್ನು ಕೊಡುತ್ತದೆ. ಪ್ರತಿ ಟಾಸ್ಕಿಗೂ ಒಂದೊಂದು ಪಿನ್ ಗೊತ್ತುಮಾಡಿ, ಟಾಸ್ಕ್ ಒಳಗೆ ಬಂದಾಗ ಪಿನ್ ಮೇಲೇರುವಂತೆ, ಹೊರಗೆ ಹೋದಾಗ ಕೆಳಗಿಳಿಯುವಂತೆ ಬರೆದೆ. ರಿಜಿಸ್ಟರಿಗೆ ಒಂದೇ ಒಂದು ಬರಹ ಸಾಕಾಗುವುದರಿಂದ ಅಳತೆಯೇ ಅಳೆಯುವ ವಸ್ತುವನ್ನು ಕೆಡಿಸುವ ಭಯವಿಲ್ಲ. ಈ ಐದು ಪಿನ್‌ಗಳಿಗೆ ಏರಿಳಿತ ದಾಖಲಿಸುವ ಲಾಜಿಕ್ ಅನಲೈಸರ್ ಹಚ್ಚಿದಾಗ ಯಾರು ಯಾವಾಗ ಓಡುತ್ತಿದ್ದಾರೆ ಎಂಬುದು ಅದರ ಪರದೆಯ ಮೇಲೆ ಐದು ಗೆರೆಗಳಾಗಿ ಕಾಣಿಸಿತು. ನಿಯಂತ್ರಣ ಟಾಸ್ಕಿನ ಒಳಗಿನ ಭಾಗಗಳನ್ನು ಬಿಡಿಬಿಡಿಯಾಗಿ ಅಳೆಯಲು ಚಿಪ್ಪಿನೊಳಗಿನ ಸೈಕಲ್ ಕೌಂಟರ್ ಬಳಸಿದೆ. ಅದು 168 ಎಣಿಕೆಗೆ ಒಂದು ಮೈಕ್ರೋಸೆಕೆಂಡ್ ತೋರಿಸುತ್ತದೆ. 32 ಬಿಟ್‌ನ ಈ ಕೌಂಟರ್ ಸುಮಾರು ಇಪ್ಪತ್ತೈದೂವರೆ ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆಯಾದರೂ, ಚಿಹ್ನೆಯಿಲ್ಲದ ಸಂಖ್ಯೆಗಳಾಗಿ ಕಳೆದರೆ ಸಣ್ಣ ಅಂತರಗಳ ಲೆಕ್ಕ ತಪ್ಪುವುದಿಲ್ಲ.

ಗುರುಗುಟ್ಟುವಿಕೆಯ ಮೂಲ ಮೊದಲ ಚಿತ್ರದಲ್ಲಿಯೇ ಇತ್ತು. ಪರದೆಯ ಟಾಸ್ಕ್ ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ಎದ್ದು 18 ಮಿಲಿಸೆಕೆಂಡ್ ಕಾಲ ಯಾರಿಗೂ ಜಾಗ ಬಿಡದೆ ಓಡುತ್ತಿತ್ತು, ಅಷ್ಟೂ ಹೊತ್ತು ನಿಯಂತ್ರಣದ ಗೆರೆ ಮಲಗಿರುತ್ತಿತ್ತು. ಕೋಡ್ ತೆರೆದು ನೋಡಿದರೆ ಪರದೆಗೆ ಆದ್ಯತೆ 4, ನಿಯಂತ್ರಣಕ್ಕೆ 3 ಎಂದು ನಾನೇ ಬರೆದಿದ್ದೆ. ಹಿಂದೊಮ್ಮೆ ಅಂಕಿಗಳು ಪರದೆಯ ಮೇಲೆ ತಡವರಿಸಿದಾಗ, ಕಣ್ಣಿಗೆ ಕಾಣುವ ತೊಂದರೆಯನ್ನು ಮುಚ್ಚಲು ಅದರ ಆದ್ಯತೆ ಏರಿಸಿ ಮರೆತುಬಿಟ್ಟಿದ್ದೆ. ಫ್ರೀಆರ್‌ಟಿಒಎಸ್‌ನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಹೆಚ್ಚು. ಪ್ರತಿ ಸಲವೂ ನಿಯಂತ್ರಣದ ಮೂರು ಸುತ್ತುಗಳು ಹಾರಿಹೋಗುತ್ತಿದ್ದವು, ಮೋಟಾರ್ ಸೆಕೆಂಡಿಗೆ ಹತ್ತು ಬಾರಿ ಹಳೆಯ ಪಿಡಬ್ಲ್ಯೂಎಂ ಮೌಲ್ಯದಲ್ಲಿಯೇ ತೇಲುತ್ತಿತ್ತು.

ಆದ್ಯತೆಯನ್ನು ‘ಯಾವ ಕೆಲಸ ಮುಖ್ಯ’ ಎಂದು ಕೇಳಿ ಹಂಚುವುದೇ ಇಲ್ಲಿನ ಮೂಲ ತಪ್ಪು ಎಂಬುದು ನನ್ನ ಅಭಿಪ್ರಾಯ. ಮುಖ್ಯವಲ್ಲದ ಕೆಲಸ ಯಾವುದೂ ಇಲ್ಲ. ಕೇಳಬೇಕಾದ ಪ್ರಶ್ನೆ ಯಾರ ಗಡುವು ಹತ್ತಿರವಿದೆ ಎಂಬುದು. ಅವಧಿ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು ಎಂಬ ಸರಳ ನಿಯಮವನ್ನು ಲಿಯು ಮತ್ತು ಲೇಲ್ಯಾಂಡ್ 1973ರ ತಮ್ಮ ಪ್ರಬಂಧದಲ್ಲಿ ವಿಶ್ಲೇಷಿಸಿ, ಒಮ್ಮೆ ಕೊಟ್ಟ ಆದ್ಯತೆಯನ್ನು ಬದಲಿಸದ ಪದ್ಧತಿಗಳಲ್ಲಿ ಇದಕ್ಕಿಂತ ಉತ್ತಮವಾದುದು ಇಲ್ಲವೆಂದು ತೋರಿಸಿದರು. ಅದರ ಜೊತೆಗೆ ಒಂದು ಮಿತಿಯನ್ನೂ ಕೊಟ್ಟರು: ಪ್ರತಿ ಟಾಸ್ಕಿನ ಗರಿಷ್ಠ ಓಟದ ಸಮಯವನ್ನು ಅದರ ಅವಧಿಯಿಂದ ಭಾಗಿಸಿ ಕೂಡಿದಾಗ ಬರುವ ಮೊತ್ತವು ಐದು ಟಾಸ್ಕ್‌ಗಳಿಗೆ 0.743ರ ಒಳಗಿದ್ದರೆ, ಎಷ್ಟೇ ಟಾಸ್ಕ್‌ಗಳಿದ್ದರೂ 0.693ರ ಒಳಗಿದ್ದರೆ, ಯಾವ ಗಡುವೂ ತಪ್ಪುವುದಿಲ್ಲ. ಮಿತಿ ದಾಟಿದರೆ ತಪ್ಪಿಯೇ ತಪ್ಪುತ್ತದೆ ಎಂದು ಇದರ ಅರ್ಥವಲ್ಲ. ಆಗ ಇನ್ನಷ್ಟು ಸೂಕ್ಷ್ಮವಾದ ಲೆಕ್ಕ ಬೇಕಾಗುತ್ತದೆ, ಅಷ್ಟೆ.

ಅಳತೆಯಲ್ಲಿ ಕಂಡ ಗರಿಷ್ಠ ಸಮಯಗಳಿಗೆ ಸುಮಾರು ಕಾಲು ಭಾಗ ಸೇರಿಸಿ ಲೆಕ್ಕಕ್ಕೆ ಕುಳಿತೆ. ನಿಯಂತ್ರಣಕ್ಕೆ 0.9, ಸೋಸುವ ಟಾಸ್ಕಿಗೆ 3, ಹತ್ತಿರದಲ್ಲಿ ಹತ್ತಿರವೆಂದರೂ 50 ಮಿಲಿಸೆಕೆಂಡ್ ಅಂತರದಲ್ಲಿ ಬರುವ ಸೀರಿಯಲ್ ಆದೇಶಕ್ಕೆ 6, ಪರದೆಗೆ 22, ಲಾಗಿಗೆ 18 ಮಿಲಿಸೆಕೆಂಡ್. ಭಾಗಲಬ್ಧಗಳು ಕ್ರಮವಾಗಿ 0.18, 0.15, 0.12, 0.22 ಮತ್ತು 0.018, ಮೊತ್ತ 0.688. ಮಿತಿಯ ಒಳಗಿದೆ. ಆದರೂ ಪರದೆಯನ್ನು ಕೆಳಗಿಳಿಸಿದರೆ ಅದರ ಗತಿಯೇನು ಎಂದು ತಿಳಿಯುವ ಕುತೂಹಲದಿಂದ ಅದರ ಪ್ರತಿಕ್ರಿಯಾ ಸಮಯವನ್ನೂ ಲೆಕ್ಕ ಹಾಕಿದೆ. ವಿಧಾನ ಸುಲಭ. ತನ್ನ 22 ಮಿಲಿಸೆಕೆಂಡಿಗೆ, ಆ ಅವಧಿಯಲ್ಲಿ ಮೇಲಿನ ಟಾಸ್ಕ್‌ಗಳು ಎಷ್ಟು ಬಾರಿ ಏಳಬಲ್ಲವೋ ಅಷ್ಟು ಬಾರಿಯ ಅವುಗಳ ಸಮಯ ಕೂಡಬೇಕು; ಮೊತ್ತ ಹಿಗ್ಗಿದ ಕಾರಣ ಅವು ಇನ್ನೂ ಹೆಚ್ಚು ಬಾರಿ ಏಳಬಹುದಾದ್ದರಿಂದ ಮತ್ತೆ ಕೂಡಬೇಕು; ಉತ್ತರ ಬದಲಾಗುವುದು ನಿಲ್ಲುವವರೆಗೆ ಹೀಗೆಯೇ ಮಾಡಬೇಕು. 22ರಿಂದ ಹೊರಟ ಲೆಕ್ಕ 38.5, 41.2, 45.1 ಎಂದು ಏರಿ 46ರಲ್ಲಿ ನಿಂತಿತು. ಗಡುವು 100 ಇರುವಾಗ 46 ಧಾರಾಳವಾಯಿತು. ಅಂದರೆ ಪರದೆಗೆ ನಾನು ಕೊಟ್ಟಿದ್ದ ಉನ್ನತ ಸ್ಥಾನ ಅದಕ್ಕೆ ಎಂದೂ ಬೇಕಿರಲಿಲ್ಲ.

ನಿಯಂತ್ರಣಕ್ಕೆ 5, ಸೋಸುವುದಕ್ಕೆ 4, ಸೀರಿಯಲ್‌ಗೆ 3, ಪರದೆಗೆ 2, ಲಾಗಿಗೆ 1 ಎಂದು ಹೊಸ ಆದ್ಯತೆ ಕೊಟ್ಟೆ. ಅದೇ ಹೊತ್ತಿನಲ್ಲಿ ಇನ್ನೊಂದು ಹಳೆಯ ಅಭ್ಯಾಸವನ್ನೂ ತಿದ್ದಿದೆ. ನಿಯಂತ್ರಣದ ಸುತ್ತು ಮುಗಿದಾಗ ‘ವಿ ಟಾಸ್ಕ್ ಡಿಲೇ’ ಕರೆದು 5 ಟಿಕ್ ಮಲಗುತ್ತಿತ್ತು. ಈ ಕರೆಯ ಎಣಿಕೆ ಕರೆದ ಟಿಕ್ಕಿನಿಂದ ಶುರುವಾಗುತ್ತದೆ. ಕೆಲಸವು ಎದ್ದ ಟಿಕ್ಕಿನೊಳಗೆಯೇ ಮುಗಿದರೆ ಅವಧಿ ನಿಖರವಾಗಿ 5 ಮಿಲಿಸೆಕೆಂಡ್ ಇರುತ್ತದೆ, ಏನಾದರೂ ಅಡ್ಡ ಬಂದು ಮುಂದಿನ ಟಿಕ್ಕಿಗೆ ಜಾರಿದರೆ ಸದ್ದಿಲ್ಲದೆ 6 ಆಗುತ್ತದೆ. ಬಹುಪಾಲು ಸರಿಯಿದ್ದು ಆಗೊಮ್ಮೆ ಈಗೊಮ್ಮೆ ತಪ್ಪುವ ಈ ಗುಣವೇ ಅಪಾಯಕಾರಿ, ಏಕೆಂದರೆ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಅದರ ಬದಲು, ಹಿಂದೆ ಏಳಬೇಕಾಗಿದ್ದ ಕ್ಷಣದಿಂದ ಎಣಿಸುವ ‘ವಿ ಟಾಸ್ಕ್ ಡಿಲೇ ಅಂಟಿಲ್’ ಹಾಕಿದೆ.

ಗುರುಗುಟ್ಟುವುದು ಆ ಕ್ಷಣವೇ ನಿಂತಿತು. ಒಂದೆರಡು ನಿಮಿಷದ ಸಂಭ್ರಮದ ನಂತರ ಮೋಟಾರ್ ‘ಕಟಕ್’ ಎಂದಿತು. ಮತ್ತೆ ಹನ್ನೊಂದು ಸೆಕೆಂಡ್ ಮೌನ, ಮತ್ತೆ ‘ಕಟಕ್’. ಆಮೇಲೆ ನಾಲ್ಕು ಸೆಕೆಂಡಿಗೆ. ಮೊದಲಿನ ದೋಷಕ್ಕೆ ಒಂದು ಲಯವಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ.

ನಿಯಂತ್ರಣವು ಎದ್ದೇಳುವ ಅಂತರ 8 ಮಿಲಿಸೆಕೆಂಡ್ ದಾಟಿದರೆ ಅನಲೈಸರ್ ಹಿಡಿದು ನಿಲ್ಲಿಸುವಂತೆ ಟ್ರಿಗರ್ ಇಟ್ಟು ಕಾದೆ. ಸಿಕ್ಕ ಚಿತ್ರವನ್ನು ವಿವರವಾಗಿ ಹೇಳುವುದು ಉಚಿತ. ಮೊದಲಿಗೆ ಲಾಗ್ ಟಾಸ್ಕ್ ಓಡುತ್ತಿದೆ, ಕಾರ್ಡಿನ ಒಂದು ಬ್ಲಾಕ್ ಬರೆಯುತ್ತಿದೆ. ನಡುವೆ ಪರದೆಯ ಟಾಸ್ಕ್ ಎದ್ದು, ಆದ್ಯತೆ ಹೆಚ್ಚಿರುವುದರಿಂದ ಲಾಗನ್ನು ಬದಿಗೆ ಸರಿಸಿ ಓಡತೊಡಗಿತು. 2 ಮಿಲಿಸೆಕೆಂಡ್ ಕಳೆದು ನಿಯಂತ್ರಣದ ಗೆರೆ ಒಂದು ಕೂದಲೆಳೆಯಷ್ಟು ಮೇಲೆದ್ದು ಅಷ್ಟೇ ಬೇಗ ಕೆಳಗೆ ಬಿತ್ತು. ಅದು ಎದ್ದಿತು, ಎಸ್‌ಪಿಐ ಬಸ್ಸಿನ ಬೀಗ (ಒಮ್ಮೆಗೆ ಒಂದೇ ಟಾಸ್ಕ್ ಬಸ್ ಬಳಸುವಂತೆ ನೋಡಿಕೊಳ್ಳುವ ಗುರುತು) ಕೇಳಿತು, ಬೀಗ ಲಾಗಿನ ಕೈಯಲ್ಲಿದ್ದುದರಿಂದ ಮಲಗಿತು. ಪರದೆಯು ಮತ್ತೆ ನಿಶ್ಚಿಂತೆಯಿಂದ ಓಡಿತು. ನಡುವೆ ಸೋಸುವ ಟಾಸ್ಕ್ ಎರಡು ಬಾರಿ, ಸೀರಿಯಲ್ ಒಂದು ಬಾರಿ ಬಂದುಹೋದವು. ಎಲ್ಲರೂ ಮುಗಿಸಿದ ಮೇಲೆ ಲಾಗಿಗೆ ಸರದಿ ಬಂದು, ಅದು ಬ್ಲಾಕ್ ಮುಗಿಸಿ ಬೀಗ ಬಿಟ್ಟಾಗ ನಿಯಂತ್ರಣವು ಕಾದ ಸಮಯ 26 ಮಿಲಿಸೆಕೆಂಡ್ ಆಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಗೆರೆಗಳಲ್ಲಿ ಕಂಡಿಲ್ಲ: ಶೆಡ್ಯೂಲರ್ ನಿಯಂತ್ರಣಕ್ಕೆ ಅತ್ಯುನ್ನತ ಆದ್ಯತೆ ಕೊಟ್ಟಿತ್ತು, ಬೀಗವು ಅತ್ಯಂತ ಕೆಳಗಿನವನ ಕೈಯಲ್ಲಿತ್ತು, ಆ ಕೆಳಗಿನವನನ್ನು ನಡುವಿನವರು ಓಡಲು ಬಿಡಲಿಲ್ಲ.

ಇದಕ್ಕೆ ಆದ್ಯತೆ ತಲೆಕೆಳಗಾಗುವುದು ಎನ್ನುತ್ತಾರೆ. 1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆಗಲು ಕಾರಣವಾದದ್ದೂ ಇದೇ. ಅಲ್ಲಿ ಹವಾಮಾನ ದತ್ತಾಂಶದ ಕೆಳಗಿನ ಟಾಸ್ಕ್ ಬೀಗ ಹಿಡಿದಿರುವಾಗ ನಡುವಿನ ಸಂವಹನ ಟಾಸ್ಕ್ ಅಡ್ಡಬಂದು, ಬಸ್ಸನ್ನು ನಿರ್ವಹಿಸುವ ಮೇಲಿನ ಟಾಸ್ಕ್ ಕಾದು ಸೋತಾಗ ರೀಸೆಟ್ ಆಗುತ್ತಿತ್ತು. ನೌಕೆಯ ಕಾರ್ಯಾಚರಣಾ ವ್ಯವಸ್ಥೆಯಾದ ವಿಎಕ್ಸ್‌ವರ್ಕ್ಸ್‌ನ ಮ್ಯೂಟೆಕ್ಸಿನಲ್ಲಿ (ಒಂದು ಬಗೆಯ ಬೀಗ) ಐಚ್ಛಿಕವಾಗಿದ್ದ, ಬೀಗ ಹಿಡಿದವನಿಗೆ ಕಾಯುವವನ ಆದ್ಯತೆ ಕೊಡುವ ಆದ್ಯತೆ ಎರವಲಿನ ಸೌಲಭ್ಯವನ್ನು ಭೂಮಿಯಿಂದಲೇ ಚಾಲೂ ಮಾಡಿ ಅದನ್ನು ಸರಿಪಡಿಸಿದರು. ನನ್ನ ಸಾಧನ ಕೈಗೆಟಕುವ ದೂರದಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ.

ಆದರೆ ಈ ಕಾಯುವಿಕೆ ಹಳೆಯ ಕೋಡಿನಲ್ಲಿಯೂ ಇದ್ದಿರಬೇಕಲ್ಲ, ಆಗ ‘ಕಟಕ್’ ಏಕೆ ಕೇಳಲಿಲ್ಲ? ಉತ್ತರ ನನ್ನದೇ ತಿದ್ದುಪಡಿಯಲ್ಲಿತ್ತು. ಹೊಸದಾಗಿ ಹಾಕಿದ ಕರೆಯು, ಏಳಬೇಕಾದ ಕ್ಷಣ ಆಗಲೇ ಕಳೆದುಹೋಗಿದ್ದರೆ ಮಲಗದೆ ತಕ್ಷಣ ಹಿಂದಿರುಗುತ್ತದೆ. 26 ಮಿಲಿಸೆಕೆಂಡ್ ಕಾದು ಎದ್ದ ನಿಯಂತ್ರಣವು ತಪ್ಪಿದ ಐದು ಸುತ್ತುಗಳನ್ನೂ ಸಾಲ ತೀರಿಸುವವರಂತೆ ಒಂದರ ಹಿಂದೆ ಒಂದು ಓಡಿಸುತ್ತಿತ್ತು, ಪ್ರತಿ ಸುತ್ತೂ 0.7 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಪಿಐಡಿಯ ಲೆಕ್ಕ ಮಾತ್ರ ಸುತ್ತುಗಳ ನಡುವೆ 5 ಮಿಲಿಸೆಕೆಂಡ್ ಕಳೆದಿದೆ ಎಂದೇ ನಂಬಿತ್ತು. ಹೆಚ್ಚುಕಡಿಮೆ ಒಂದೇ ದೋಷಮೌಲ್ಯವನ್ನು ಇಂಟೆಗ್ರಲ್ ಭಾಗವು ಮತ್ತೆ ಮತ್ತೆ ಕೂಡಿಕೊಂಡಾಗ ಮೋಟಾರಿಗೆ ಒಮ್ಮೆಲೇ ಹೊಡೆತ ಬೀಳುತ್ತಿತ್ತು. ಸದ್ದು ಅದರದು.

ತಪ್ಪಿದ ಸುತ್ತುಗಳನ್ನು ಬೆನ್ನಟ್ಟುವುದು ನಿಯಂತ್ರಣದ ಕೆಲಸದಲ್ಲಿ ನಿರರ್ಥಕ. ಆದ್ದರಿಂದ, ನಿಜವಾಗಿ ಮಲಗಿತೋ ಇಲ್ಲವೋ ಎಂದು ತಿಳಿಸುವ ‘ಎಕ್ಸ್ ಟಾಸ್ಕ್ ಡಿಲೇ ಅಂಟಿಲ್’ ಎಂಬ ರೂಪವನ್ನು ಬಳಸಿ, ಮಲಗದಿದ್ದರೆ ಒಂದು ಕೌಂಟರ್ ಏರಿಸಿ, ಎಣಿಕೆಯ ಮೂಲವನ್ನು ಈಗಿನ ಟಿಕ್ಕಿಗೆ ತಂದು, ಉಳಿದ ಸುತ್ತುಗಳನ್ನು ಕೈಬಿಡುವಂತೆ ಮಾಡಿದೆ. ಸದ್ದು ಕುಗ್ಗಿತು. ಆದರೆ ಇದು ನೋವಿಗೆ ಮುಲಾಮು ಹಚ್ಚಿದಂತೆ, ಗಾಯ ಹಾಗೆಯೇ ಇತ್ತು. ಒಳ್ಳೆಯದೇನೆಂದರೆ, ಗಡುವು ತಪ್ಪಿದ್ದನ್ನು ಎಣಿಸುವ ಕೌಂಟರ್ ಒಂದು ಇನ್ನು ಮುಂದೆ ನನ್ನ ಬಳಿ ಇತ್ತು, ಕಿವಿಯನ್ನು ನಂಬಬೇಕಾಗಿರಲಿಲ್ಲ.

ಬಸ್ಸಿನ ಬೀಗವನ್ನು ನಾನು ಬೈನರಿ ಸೆಮಫೋರ್‌ನಿಂದ, ಅಂದರೆ ಖಾಲಿ ಇದೆಯೋ ಇಲ್ಲವೋ ಎಂದಷ್ಟೇ ಹೇಳುವ ಗುರುತಿನಿಂದ, ಮಾಡಿದ್ದೆ. ಬಳಸುವಾಗ ಸೆಮಫೋರ್ ಮತ್ತು ಮ್ಯೂಟೆಕ್ಸ್ ಒಂದೇ ರೀತಿ ಕಾಣುತ್ತವೆ, ಆದರೆ ಫ್ರೀಆರ್‌ಟಿಒಎಸ್‌ನಲ್ಲಿ ಮ್ಯೂಟೆಕ್ಸ್‌ಗೆ ಮಾತ್ರ ಒಡೆಯನೆಂಬುವನಿದ್ದಾನೆ. ಮೇಲಿನ ಟಾಸ್ಕ್ ಕಾಯುತ್ತಿದ್ದರೆ ಆ ಒಡೆಯನಿಗೆ ತಾತ್ಕಾಲಿಕವಾಗಿ ಕಾಯುವವನ ಆದ್ಯತೆ ಸಿಗುತ್ತದೆ, ನಡುವಿನವರು ಅಡ್ಡ ಬರಲಾರರು. ಶಾ, ರಾಜ್‌ಕುಮಾರ್ ಮತ್ತು ಲೆಹೋಸ್ಕಿ 1990ರಲ್ಲಿ ವಿಶ್ಲೇಷಿಸಿದ್ದು ಈ ಪದ್ಧತಿಯನ್ನೇ. ಸೆಮಫೋರನ್ನು ತೆಗೆದು ಮ್ಯೂಟೆಕ್ಸ್ ಹಾಕಲು ಒಂದೇ ಸಾಲು ಬದಲಿಸಬೇಕಾಯಿತು. ಅತಿ ಹೆಚ್ಚಿನ ಕಾಯುವಿಕೆ 26ರಿಂದ 1.3 ಮಿಲಿಸೆಕೆಂಡಿಗೆ ಇಳಿಯಿತು. ಎಸ್‌ಪಿಐ ಗಡಿಯಾರ 5.25 ಮೆಗಾಹರ್ಟ್ಸ್ ಇರುವಾಗ 512 ಬೈಟ್ ಸಾಗಿಸಲು 0.78 ಮಿಲಿಸೆಕೆಂಡ್ ಬೇಕೇ ಬೇಕು. ಆದೇಶದ ಬೈಟ್‌ಗಳು ಮತ್ತು ಕಾರ್ಡಿನ ಸಣ್ಣ ವಿಳಂಬ ಸೇರಿ ಉಳಿದದ್ದು. ಈ ಎರವಲಿಗೆ ಒಂದು ಬೆಲೆಯೂ ಇದೆ. ಬಸ್ಸನ್ನು ಎಂದೂ ಮುಟ್ಟದ ಸೋಸುವ ಟಾಸ್ಕ್ ಕೂಡ, ಲಾಗ್ ಏರಿದ ಆದ್ಯತೆಯಲ್ಲಿ ಓಡುವಷ್ಟು ಹೊತ್ತು ಕಾಯಬೇಕಾಗುತ್ತದೆ. ಅದರ ಲೆಕ್ಕಕ್ಕೂ ಈ ಕಾಯುವಿಕೆಯನ್ನು ಸೇರಿಸಬೇಕು.

ಇಷ್ಟಾದರೂ ಲಾಗಿನ ಗೆರೆ ಕೆಲವೊಮ್ಮೆ ಬಸ್ ಬಿಟ್ಟ ಮೇಲೂ ಎತ್ತರದ ಆದ್ಯತೆಯಲ್ಲಿಯೇ ಓಡುತ್ತಿರುವುದು ಕಂಡಿತು. ಲಾಗ್ ಟಾಸ್ಕ್ ಎರಡು ಮ್ಯೂಟೆಕ್ಸ್ ಹಿಡಿಯುತ್ತಿತ್ತು: ಮೊದಲು ಬಫರಿನದು, ಅದರೊಳಗೆ ಬಸ್ಸಿನದು. ಫ್ರೀಆರ್‌ಟಿಒಎಸ್‌ನ ಎರವಲು ವ್ಯವಸ್ಥೆ ಸರಳೀಕೃತವಾದುದು. ಕೈಯಲ್ಲಿರುವ ಎಲ್ಲ ಮ್ಯೂಟೆಕ್ಸ್‌ಗಳನ್ನೂ ಹಿಂದಿರುಗಿಸಿದ ಮೇಲಷ್ಟೇ ಟಾಸ್ಕ್ ತನ್ನ ಮೂಲ ಆದ್ಯತೆಗೆ ಇಳಿಯುತ್ತದೆ. ಮೇಲಾಗಿ ನಿಯಂತ್ರಣವೂ ತನ್ನ ಮಾದರಿಗಳನ್ನು ಇಡಲು ಅದೇ ಬಫರಿನ ಬೀಗ ಕೇಳುತ್ತಿತ್ತು. ಇಲ್ಲಿ ಜಾಣತನ ಬೇಕಿರಲಿಲ್ಲ, ಬೀಗವೇ ಬೇಡವಾಗಿತ್ತು. ಬರೆಯುವವನು ಒಬ್ಬ, ಓದುವವನು ಒಬ್ಬ ಇರುವಲ್ಲಿಗೆಂದೇ ಇರುವ ಸ್ಟ್ರೀಮ್ ಬಫರ್ ಹಾಕಿ, ನಿಯಂತ್ರಣವು ಸೊನ್ನೆ ಕಾಯುವಿಕೆಯಲ್ಲಿ ಬರೆಯುವಂತೆ, ಜಾಗವಿಲ್ಲದಿದ್ದರೆ ಮಾದರಿಯನ್ನು ಬಿಟ್ಟುಬಿಡುವಂತೆ ಮಾಡಿದೆ.

ಈ ನಡುವೆ, ತಪ್ಪು ಬಳಕೆ ಕಂಡರೆ ಪ್ರೋಗ್ರಾಮನ್ನು ನಿಲ್ಲಿಸುವ ಕಾನ್ಫಿಗ್ ಅಸರ್ಟ್ ಎಂಬ ತಪಾಸಣೆಯನ್ನು ಚಾಲೂ ಮಾಡಿದ ತಕ್ಷಣ ಪ್ರೋಗ್ರಾಮ್ ನಿಂತೇಹೋಯಿತು. ಸೀರಿಯಲ್ ಇಂಟರಪ್ಟಿನ (ಬೈಟ್ ಬಂದಾಗ ಓಡುತ್ತಿರುವುದನ್ನು ತಡೆದು ನಡೆಯುವ ಕೋಡಿನ) ಆದ್ಯತೆ ರೀಸೆಟ್ ಆದಾಗಿನ ಸೊನ್ನೆಯಲ್ಲಿಯೇ ಉಳಿದಿತ್ತು. ನನ್ನ ಚಿಪ್ ಸೇರಿದ ಕಾರ್ಟೆಕ್ಸ್ ಎಂ ಬಗೆಯ ಚಿಪ್‌ಗಳ ಇಂಟರಪ್ಟುಗಳಲ್ಲಿ ಲೆಕ್ಕ ಉಲ್ಟಾ: ಸಂಖ್ಯೆ ಚಿಕ್ಕದಾದಷ್ಟೂ ತುರ್ತು ಹೆಚ್ಚು. ನನ್ನ ಸಂರಚನೆಯಲ್ಲಿ 5ಕ್ಕಿಂತ ತುರ್ತಿನ ಇಂಟರಪ್ಟುಗಳು ಫ್ರೀಆರ್‌ಟಿಒಎಸ್‌ನ ಕರೆಗಳನ್ನು ಮುಟ್ಟುವಂತಿಲ್ಲ, ಇದು ಮುಟ್ಟುತ್ತಿತ್ತು. ಅದನ್ನು 6ಕ್ಕೆ ಇಟ್ಟು, ಇಂಟರಪ್ಟಿನೊಳಗೆ ನಡೆಯುತ್ತಿದ್ದ, ಆದೇಶ ಬಿಡಿಸುವ ಕೆಲಸದ ಭಾಗವನ್ನೂ ಸೀರಿಯಲ್ ಟಾಸ್ಕಿಗೆ ವರ್ಗಾಯಿಸಿದೆ. ಇಷ್ಟು ದಿನ ಇದು ಕೆಡದೆ ಇದ್ದದ್ದು ಅದೃಷ್ಟ.

ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ಕೌಂಟರ್ 7 ತೋರಿಸಿತು, ಅನಲೈಸರ್ ಹಿಡಿದಿಟ್ಟ ಅತ್ಯಂತ ಕೆಟ್ಟ ಅಂತರ 87 ಮಿಲಿಸೆಕೆಂಡ್. ಅಷ್ಟೂ ಹೊತ್ತು ಲಾಗಿನ ಗೆರೆ ಮೇಲಿತ್ತು, ಎರವಲು ಪಡೆದ ಆದ್ಯತೆಯಲ್ಲಿ, ಕಾರ್ಡ್ ‘ಕೆಲಸದಲ್ಲಿದ್ದೇನೆ’ ಎನ್ನುವುದನ್ನು ಬಿಡಲೆಂದು ಕಾಯುತ್ತ. ಎಸ್‌ಡಿ ಕಾರ್ಡುಗಳು ತಮ್ಮ ಒಳಗಿನ ಫ್ಲ್ಯಾಶನ್ನು ಅಳಿಸಿ ಹೊಂದಿಸಿಕೊಳ್ಳುವಾಗ ಹೀಗೆ ತಡಮಾಡುವುದುಂಟು. ಬರಹಕ್ಕೆ 250 ಮಿಲಿಸೆಕೆಂಡಿನವರೆಗೂ ಕಾಯಬೇಕೆಂದು ಮಾನದಂಡವೇ ಹೇಳುತ್ತದೆ. ಮೊದಲ ಎರಡು ನಿಮಿಷಗಳ ಅಳತೆಯಲ್ಲಿ ಇದು ಸಿಗಲಿಲ್ಲ, ಆದ್ದರಿಂದ ನನ್ನ 18 ಮಿಲಿಸೆಕೆಂಡಿನ ಲೆಕ್ಕವೂ ಸುಳ್ಳಾಗಿತ್ತು. ಬೀಗ ಹಿಡಿದವನು ಓಡುತ್ತಿಲ್ಲ, ಕಾಯುತ್ತಿದ್ದಾನೆ ಎಂದಾದರೆ ಅವನಿಗೆ ಎಷ್ಟು ಆದ್ಯತೆ ಎರವಲು ಕೊಟ್ಟರೂ ಬೀಗ ಬೇಗ ಬಿಡುಗಡೆಯಾಗುವುದಿಲ್ಲ.

ಕಾರ್ಡ್ ಒಳಗೆ ಕೆಲಸ ಮಾಡುತ್ತಿರುವಾಗ ಬಸ್ಸನ್ನು ಹಿಡಿದಿರಬೇಕಾದ ಅಗತ್ಯವಿಲ್ಲ. ಬ್ಲಾಕ್ ಕಳುಹಿಸಿ ಒಪ್ಪಿಗೆಯ ಬೈಟ್ ಪಡೆದ ಕೂಡಲೇ ಕಾರ್ಡನ್ನು ಬಸ್ಸಿಗೆ ಆರಿಸುವ ಚಿಪ್ ಸೆಲೆಕ್ಟ್ ಗೆರೆಯನ್ನು ಮೇಲೆತ್ತಿ (ಆಗ ಆಯ್ಕೆ ರದ್ದಾಗುತ್ತದೆ) ಬೀಗ ಬಿಟ್ಟು, 1 ಟಿಕ್ ಮಲಗಿ, ಮತ್ತೆ ಬೀಗ ಪಡೆದು ಸ್ಥಿತಿ ಕೇಳುವಂತೆ ಡ್ರೈವರನ್ನು ಬದಲಿಸಿದೆ. ಮೊದಲ ಪ್ರಯತ್ನದಲ್ಲಿ ಕೋನ ಸಂವೇದಕ ಅಸಂಬದ್ಧ ಅಂಕಿಗಳನ್ನು ಕೊಡತೊಡಗಿತು. ಚಿಪ್ ಸೆಲೆಕ್ಟ್ ಮೇಲೆತ್ತಿದ ಮಾತ್ರಕ್ಕೆ ಕಾರ್ಡ್ ತನ್ನ ಔಟ್‌ಪುಟ್ ಗೆರೆಯನ್ನು ಬಿಡುವುದಿಲ್ಲ, ಆಮೇಲೆ ಗಡಿಯಾರದ ಮಿಡಿತ ಬಂದಾಗಲಷ್ಟೇ ಬಿಡುತ್ತದೆ ಎಂಬುದನ್ನು ಮರೆತಿದ್ದೆ. ಬೀಗ ಬಿಡುವ ಮುನ್ನ ಚಿಪ್ ಸೆಲೆಕ್ಟ್ ಮೇಲಿರುವಾಗಲೇ ಒಂದು ಖಾಲಿ ಬೈಟ್ ಕಳುಹಿಸಿದಾಗ ಸಂವೇದಕ ಸರಿಹೋಯಿತು. ಕಾಯುವುದು ಸುತ್ತು ಹಾಕುವ ಬದಲು ಮಲಗುವುದಾದ್ದರಿಂದ ಪ್ರೊಸೆಸರಿನ ಸಮಯವೂ ಉಳಿಯಿತು. ಟಿಕ್ಕನ್ನು ಹತ್ತು ಪಟ್ಟು ವೇಗಗೊಳಿಸಿ ನೋಡುವ ಉಪಾಯವನ್ನು ಒಮ್ಮೆ ಯೋಚಿಸಿ ಬಿಟ್ಟೆ. ಕಾಯುತ್ತಿರುವವನ ಗಡಿಯಾರವನ್ನು ಎಷ್ಟು ಸೂಕ್ಷ್ಮಗೊಳಿಸಿದರೂ ಕಾಯುವ ಹೊತ್ತು ಕಡಿಮೆಯಾಗದು.

ಈಗ ಬಸ್ಸಿನ ಬೀಗವನ್ನು ಒಮ್ಮೆಗೆ ಹಿಡಿಯುವ ಗರಿಷ್ಠ ಸಮಯ 0.9 ಮಿಲಿಸೆಕೆಂಡ್. ನಿಯಂತ್ರಣದ ಕಾಗದದ ಲೆಕ್ಕ 0.9 ಕೂಡಿಸು 0.9, ಅಂದರೆ ಎದ್ದ ಕ್ಷಣದಿಂದ ಮುಗಿಯುವವರೆಗೆ 1.8 ಮಿಲಿಸೆಕೆಂಡ್. ಬಹುತೇಕ ತುಂಬಿದ ಕಾರ್ಡ್ ಹಾಕಿ, ಸೀರಿಯಲ್ ಪೋರ್ಟಿಗೆ ಅನುಮತಿಸಿದ ಗರಿಷ್ಠ ವೇಗದಲ್ಲಿ ಆದೇಶಗಳನ್ನು ಸುರಿದು, ಹನ್ನೆರಡು ಗಂಟೆ ಓಡಿಸಿದೆ. ಕಂಡ ಗರಿಷ್ಠ 1.6 ಮಿಲಿಸೆಕೆಂಡ್, ತಪ್ಪಿದ ಗಡುವುಗಳ ಕೌಂಟರ್ ಸೊನ್ನೆ, ಬಿಟ್ಟುಹೋದ ಲಾಗ್ ಮಾದರಿಗಳು 14. ಆ ಹದಿನಾಲ್ಕೂ ಕಾರ್ಡ್ ದೀರ್ಘವಾಗಿ ತಡಮಾಡಿದ ಒಂದೇ ಸಂದರ್ಭದಲ್ಲಿ ಬಿದ್ದವು. ಸ್ಟ್ರೀಮ್ ಬಫರಿನ ಗಾತ್ರವನ್ನು ದುಪ್ಪಟ್ಟು ಮಾಡಿದ್ದೇನೆ. ಮುಂದಿನ ಬೋರ್ಡಿನಲ್ಲಿ ಕಾರ್ಡಿಗೆ ಪ್ರತ್ಯೇಕ ಎಸ್‌ಪಿಐ ಕೊಡಲಾಗುವುದು. ಈ ಚಿಪ್ಪಿನಲ್ಲಿ ಮೂರು ಇವೆ, ನಾನು ಬಳಸಿದ್ದು ಒಂದನ್ನು.